ಬೆರಳಲ್ಲಿ ಕರೆಯುತ್ತಿದ್ದವರು

ಕಳೆದ ತಿಂಗಳು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗಾಗಿ ಶ್ರದ್ಧಾಂಜಲಿ ಸಭೆ ನಡೆಯಿತು. ಅಬುಧಾಬಿಯ ಕೆಲಸ ಬಿಟ್ಟು ಊರು ಸೇರಿದ್ದ ಅವರು ಕುಂದಾಪುರದಲ್ಲಿ ಹೃದಯಾಘಾತದಿಂದ ತೀರಿಕೊಂಡರು ಎಂದು ಫೋನ್ ಬಂದಿತ್ತು. ಫೋಟೊಗೆ ಹಾರ ಹಾಕಿ, ದೀಪ ಹಚ್ಚಿ, ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಒಬ್ಬರು ಅಜಾತಶತ್ರು ಎಂದರು. ಇನ್ನೊಬ್ಬರು, ಯಾರ ಮೇಲೂ ಒಂದು ದಿನ ಸಿಟ್ಟು ಇಟ್ಟುಕೊಂಡವರಲ್ಲ ಎಂದರು. ಮತ್ತೊಬ್ಬರು, ಕ್ಷಮಾಗುಣವನ್ನು ಅವರಿಂದ ಕಲಿಯಬೇಕು ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಗಲ್ಫಿನಲ್ಲಿ ಕೆಲವೇ ವರ್ಷಗಳಲ್ಲಿ ಸುತ್ತಲಿನ ಜನವೇ ಬದಲಾಗಿಬಿಡುತ್ತಾರೆ, ಹಳೆಯದನ್ನು ಕಂಡವರು ಯಾರೂ ಉಳಿದಿರುವುದಿಲ್ಲ. ಆ ಸಭೆಯಲ್ಲಿ ಅವರನ್ನು ನಿಜವಾಗಿ ಬಲ್ಲವಳು ನಾನೊಬ್ಬಳೇ. ನನ್ನನ್ನು ಮಾತಿಗೆ ಕರೆದಾಗ ಗಂಟಲು ಸರಿಯಿಲ್ಲ ಎಂದು ಕೈಯಾಡಿಸಿದೆ. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪಿದೆ. ಆದರೆ ಅವರಲ್ಲಿ ಇದ್ದ ಒಳ್ಳೆಯದನ್ನು ಹೇಳಬೇಕು. ಅವರಲ್ಲಿದ್ದ ಅತ್ಯಂತ ಒಳ್ಳೆಯ ಗುಣ ಹಗೆ. ಬೇರೆಯವರು ದೇವರ ಕೋಣೆಯನ್ನು ಇಟ್ಟುಕೊಳ್ಳುವಷ್ಟು ಶುಚಿಯಾಗಿ ಅವರು ಅದನ್ನು ಇಟ್ಟುಕೊಂಡಿದ್ದರು. ನನ್ನ ಮದುವೆಯಲ್ಲಿ ನನ್ನ ಅಪ್ಪನ ಎಲೆಗೆ ಪಾಯಸ ಬಡಿಸದೆ ಮುಂದೆ ಹೋದವರು ಯಾರು ಎಂಬುದನ್ನು ಇವತ್ತಿಗೂ ನೆನಪಿಟ್ಟುಕೊಂಡಿರುವ ಹೆಂಗಸು ನಾನು. ಅಂಥ ನನಗೇ ಅವರ ಮುಂದೆ ನಿಂತಾಗ ನಾನಿನ್ನೂ ಒಂದನೇ ಕ್ಲಾಸು ಅನ್ನಿಸುತ್ತಿತ್ತು.

ತೊಂಬತ್ತರ ದಶಕದ ನಡುವೆ ನಾನು ಮೈಸೂರಿನಿಂದ ಗಂಡನ ಹಿಂದೆ ಅಬುಧಾಬಿಗೆ ಬಂದು, ಅಲ್ ಮೀನಾದ ಒಂದು ಹಡಗು ಏಜೆಂಟರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಬಂದರಿಗೆ ಬರುವ ಹಡಗುಗಳಿಗೆ ಜಾಗ, ನೀರು, ಎಣ್ಣೆ, ತರಕಾರಿ ಎಲ್ಲ ಹೊಂದಿಸಿಕೊಡುವುದು ನಮ್ಮ ಕೆಲಸ. ಕಿಟಕಿ ತೆಗೆದರೆ ಮೀನು ಮಾರ್ಕೆಟ್ಟಿನ ವಾಸನೆ, ಮುಚ್ಚಿದರೆ ಏಸಿಯ ಗೊರಗೊರ. ನನ್ನ ಪಕ್ಕದ ಮೇಜು ಅವರದು. ಅವರು ಮೊದಲು ಹಡಗಿನಲ್ಲಿ ರೇಡಿಯೊ ಅಧಿಕಾರಿಯಾಗಿದ್ದವರು. ತಂತಿ ಕಳಿಸುವ ಹಾಗೆ ಚುಕ್ಕೆ, ಗೀಟುಗಳ ಮೋರ್ಸ್ ಭಾಷೆಯಲ್ಲಿ ಹಡಗಿನಿಂದ ಹಡಗಿಗೆ, ಹಡಗಿನಿಂದ ದಡಕ್ಕೆ ಸುದ್ದಿ ಕಳಿಸುವುದು, ಬಂದ ಸುದ್ದಿ ಕೇಳಿಸಿಕೊಳ್ಳುವುದು ಅವರ ಕೆಲಸ. ಉಪಗ್ರಹ ಸಂಪರ್ಕ ಬಂದ ಮೇಲೆ ಆ ಹುದ್ದೆಯೇ ಹೋಗುತ್ತ ಬಂತು. ಇವರು ದಡಕ್ಕೆ ಬಂದು ನಮ್ಮ ಆಫೀಸಿನ ಟೆಲೆಕ್ಸ್ ಯಂತ್ರದ ಸಂದೇಶಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಅವರನ್ನು ಸಾರ್ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು.

ಸಣಕಲು ಮನುಷ್ಯ, ಇಸ್ತ್ರಿ ಮುರಿಯದ ಬಿಳಿ ಶರ್ಟು. ಮಾತು ಕೇಳುವಾಗ ಕುತ್ತಿಗೆಯನ್ನು ಬಲಕ್ಕೆ ವಾಲಿಸಿ, ಕಣ್ಣನ್ನು ಗೋಡೆಯ ಮೇಲಿಟ್ಟು ಕೇಳುತ್ತಿದ್ದರು. ಆಫೀಸಿನಲ್ಲಿ ಯಾರ ಫೋನ್ ಹೊಡೆದುಕೊಂಡರೂ ಎದ್ದು ಓಡಿಹೋಗಿ ಎತ್ತುತ್ತಿದ್ದರು. ಮ್ಯಾನೇಜರ್ ಕ್ಯಾಬಿನ್ನಿನೊಳಗೂ ನುಗ್ಗಿ ಎತ್ತಿ ಬೈಸಿಕೊಂಡದ್ದುಂಟು. ಅವರ ಮೇಜಿನ ಮೇಲೊಂದು ಹಡಗಿನ ಹಳೆಯ ಗಡಿಯಾರವಿತ್ತು. ಅದರ ಮುಖದ ಮೇಲೆ ಎಡಕ್ಕೊಂದು, ಬಲಕ್ಕೊಂದು ಕೆಂಪು ಬಣ್ಣದ ತುಂಡು. ನಿಮಿಷದ ಮುಳ್ಳು ಆ ಕೆಂಪಿಗೆ ಬಂತೆಂದರೆ ಇವರ ಮಾತು ನಿಂತಿತು. ವಾಕ್ಯದ ನಡುವೆಯೇ ನಿಲ್ಲುತ್ತಿತ್ತು. ಮುಳ್ಳು ಕೆಂಪು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಹೊಸತರಲ್ಲಿ ನನಗೆ, ಇವರಿಗೆ ಸ್ವಲ್ಪ ಲೂಸು ಎಂದೇ ಅನ್ನಿಸಿತ್ತು.

"ಅದು ಹಡಗಿನ ಮಡಿ ಮೇಡಂ," ಎಂದು ಒಂದು ದಿನ ವಿವರಿಸಿದರು. "ಗಂಟೆಗೆ ಎರಡು ಸಲ ಎಲ್ಲ ಹಡಗಿನ ರೇಡಿಯೊದವರೂ ಬಾಯಿ ಮುಚ್ಚಬೇಕು. ಬರೇ ಕೇಳೂದು. ಯಾಕೆ ಅಂದ್ರೆ, ಯಾರಾದ್ರೂ ಮುಳುಗ್ತಾ ಇದ್ರೆ, ಅವರ ಸೆಟ್ಟು ಎಷ್ಟೇ ಸಣ್ಣದಾಗಿ ಕೂಗಿದ್ರೂ ಆಗ ಕೇಳ್ತದೆ. ಆ ಹೊತ್ತಲ್ಲಿ ಬಂದ ಕರೆ ಕೇಳ್ಲಿಲ್ಲ ಅಂತ ಯಾರೂ ಹೇಳ್ಲಿಕ್ಕೆ ಸಾಧ್ಯ ಇಲ್ಲ."

ಕೊನೆಯ ಮಾತನ್ನು ಅವರು ನನಗೆ ಹೇಳುತ್ತಿಲ್ಲ ಎಂದು ಆಗಲೇ ಅನ್ನಿಸಿತು.

ಅವರಿಗೆ ಮದುವೆಯಾಗಿರಲಿಲ್ಲ. ಗುರುವಾರ ಸಂಜೆ ಮೀನು ಮಾರ್ಕೆಟ್ಟಿಗೆ ಹೋಗಿ, ಅಂಜಲ್ ಮೀನಿನ ಕಿವಿರು ಎತ್ತಿ ನೋಡಿ, ಮಾರುವವನ ಜೊತೆ ಜಗಳವಾಡಿ ಒಂದು ಮೀನು ಕೊಳ್ಳುತ್ತಿದ್ದರು. ಅದು ಲಲಿತಕ್ಕನ ಮನೆಗೆ. ಲಲಿತಕ್ಕ ಗಂಗೊಳ್ಳಿಯವರು, ಅಬುಧಾಬಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸು, ಅವರೂ ಒಂಟಿ. ಶುಕ್ರವಾರ ಮಧ್ಯಾಹ್ನ ಇವರ ಊಟ ಅಲ್ಲಿ. ನನ್ನನ್ನೂ ಎರಡು ಮೂರು ಸಲ ಕರೆದುಕೊಂಡು ಹೋಗಿದ್ದರು, ನಾನು ಸಸ್ಯಾಹಾರಿ ಎಂದು ಲಲಿತಕ್ಕ ಹುರುಳಿಸಾರು ಮಾಡಿಟ್ಟಿದ್ದರು. ಲಲಿತಕ್ಕನ ತಮ್ಮನೂ ರೇಡಿಯೊ ಅಧಿಕಾರಿ. ಇವರೂ ಅವನೂ ಮುಂಬೈಯಲ್ಲಿ ಒಟ್ಟಿಗೆ ತರಬೇತಿ ಪಡೆದವರು, ಒಂದೇ ಕೋಣೆಯಲ್ಲಿ ಇದ್ದವರು. ಆ ತಮ್ಮ ಹತ್ತಿ ತುಂಬಿಕೊಂಡು ಹೊರಟಿದ್ದ ಒಂದು ಹಳೇ ಹಡಗಿನಲ್ಲಿದ್ದ. ಅರಬ್ಬೀ ಸಮುದ್ರದ ನಡುವೆ ಆ ಹಡಗಿಗೆ ಬೆಂಕಿ ಬಿತ್ತು. ಒಬ್ಬರೂ ಬದುಕಿ ಬರಲಿಲ್ಲ.

ಸತ್ತದ್ದು ಒಂದು ದುಃಖ. ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಆ ಹಡಗಿನಿಂದ ಸಹಾಯದ ಕರೆಯೇ ಬರಲಿಲ್ಲ, ಯಾವ ಹಡಗೂ ಕೇಳಿಸಿಕೊಳ್ಳಲಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಕರೆಯಬೇಕಾದವನು ಯಾರು? ರೇಡಿಯೊದವನು. ಅವನು ಹೆದರಿ ಓಡಿದ, ಒಂದು ಬೆರಳು ಆಡಿಸಿದ್ದರೆ ಅಷ್ಟೂ ಜನ ಉಳಿಯುತ್ತಿದ್ದರು ಎಂದು ಕರಾವಳಿಯುದ್ದಕ್ಕೂ ಮಾತಾಯಿತು. ಸತ್ತವರ ಹೆಂಡಂದಿರು ಲಲಿತಕ್ಕನ ಮನೆಯ ಮುಂದೆ ನಿಂತು ಮಣ್ಣು ತೂರಿ ಶಪಿಸಿದರು. ಲಲಿತಕ್ಕನಿಗೆ ನಿಶ್ಚಯವಾಗಿದ್ದ ಗಂಡು ತಪ್ಪಿಹೋಯಿತು. ಅವರು ಗಲ್ಫಿಗೆ ಬಂದದ್ದೇ ಊರಿನ ಬಾಯಿ ತಪ್ಪಿಸಿಕೊಳ್ಳಲು. ಗೋಡೆಯ ಮೇಲಿದ್ದ ತಮ್ಮನ ಫೋಟೊ ತೋರಿಸುತ್ತ ನನಗೆ ಹೇಳಿದ್ದರು, "ಬೆಂಕಿಗೆ ಹೆದರುವವ ಅಲ್ಲ ಮರಾಯ್ತಿ ಅವ. ಆದ್ರೆ ಎಂತ ಆಯ್ತೋ. ಕರೀಲಿಲ್ಲ ಅಂತಾರಲ್ಲ ಎಲ್ಲರೂ." ಆಗ ಇವರು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತ ಕುಳಿತಿದ್ದರು.

ಇನ್ನು ಕ್ಯಾಪ್ಟನ್. ಮಂಗಳೂರಿನ ಮನುಷ್ಯ, ಎತ್ತರದ ಆಳು, ನಗುವಾಗ ಎದುರಿನವರ ಬೆನ್ನಿಗೆ ಗುದ್ದುವ ಅಭ್ಯಾಸ. ಸಮುದ್ರ ಬಿಟ್ಟು ಅಬುಧಾಬಿಯ ಒಂದು ಕಂಪನಿಯಲ್ಲಿ ಹಡಗುಗಳ ಮೇಲ್ವಿಚಾರಣೆ ಮಾಡುತ್ತಿದ್ದರು. ನಮ್ಮ ಕನ್ನಡ ಸಂಘಕ್ಕೆ ಗೌರವ ಸಲಹೆಗಾರರು. ರಾಜ್ಯೋತ್ಸವ ಬಂತೆಂದರೆ ಮುಖ್ಯ ಅತಿಥಿ ಅವರೇ, ಮತ್ತು ಅವರು ಹೇಳುವ ಕಥೆ ಒಂದೇ.

"ಮುಂಜಾನೆ ಹೊತ್ತು. ದೂರದಲ್ಲಿ ಹೊಗೆ ಕಂಡ್ತು. ಹಡಗು ತಿರ್ಗಿಸಿ ಅಂತ ಆರ್ಡರ್ ಕೊಟ್ಟೆ. ಫುಲ್ ಸ್ಪೀಡ್! ಹೋಗಿ ನೋಡಿದ್ರೆ ಎಂತ ಉಂಟು? ಸುಟ್ಟ ಹತ್ತಿ ಮೂಟೆ ತೇಲ್ತಾ ಉಂಟು. ಒಂದು ನರಪಿಳ್ಳೆ ಇಲ್ಲ. ಪಾಪ, ಅವರ ರೇಡಿಯೊ ಹುಡುಗ ಒಂದೇ ಒಂದು ಸಲ ಕರ್ದಿದ್ರೆ, ಐ ಟೆಲ್ ಯು, ಒಬ್ಬೊಬ್ಬರನ್ನೂ ಉಳಿಸ್ತಿದ್ದೆ."

ಹಾಲಿನಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮೊದಲ ವರ್ಷ ನಾನೂ ಒರೆಸಿಕೊಂಡೆ, ಆ ಹುಡುಗನೇ ಲಲಿತಕ್ಕನ ತಮ್ಮ ಎಂದು ಆಗ ನನಗೆ ಹೊಳೆದಿರಲಿಲ್ಲ. ಆ ಕಣ್ಣೀರನ್ನು ವಾಪಸ್ ತೆಗೆದುಕೊಳ್ಳುವ ಉಪಾಯವಿದ್ದರೆ ಇವತ್ತೂ ತೆಗೆದುಕೊಳ್ಳುತ್ತೇನೆ.

ಒಂದು ದಿನ ಕ್ಯಾಪ್ಟನ್ ಯಾವುದೋ ಹಡಗಿನ ಕೆಲಸಕ್ಕೆ ನಮ್ಮ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ಕುಳಿತು ಚಹಾ ಕುಡಿಯುತ್ತ ಜೋರಾಗಿ ನಗುತ್ತಿದ್ದರು. ಪಕ್ಕದಲ್ಲಿ ಇವರು ಪೆನ್ಸಿಲ್ಲಿನಿಂದ ಮೇಜಿನ ಅಂಚಿಗೆ ಬಡಿಯತೊಡಗಿದರು. ಟಕ್, ಟಕಟಕ್, ಒಂದಿಷ್ಟು ಬಿಡುವು, ಮತ್ತೆ ಟಕ್. ಸಣ್ಣ ಸದ್ದು. ಕ್ಯಾಪ್ಟನ್ನರ ನಗು ನಡುವೆಯೇ ನಿಂತಿತು. ಚಹಾ ಲೋಟ ತುಳುಕಿ ಪ್ಯಾಂಟಿನ ಮೇಲೆ ಬಿತ್ತು. ಇವರು ತಲೆಯೆತ್ತಿ, ಬಹಳ ಮರ್ಯಾದೆಯಿಂದ, "ಸುಟ್ಟಿತಾ ಕ್ಯಾಪ್ಟನ್?" ಎಂದು ಕೇಳಿ ಟಿಶ್ಯೂ ಕೊಟ್ಟರು. ಕ್ಯಾಪ್ಟನ್ ಬಂದ ಕೆಲಸ ಬಿಟ್ಟು ಎದ್ದು ಹೋದರು.

ಅಲ್ಲಿಂದ ಮೇಲೆ ನನ್ನ ಕಣ್ಣು ಅವರ ಬೆರಳಿನ ಮೇಲೇ. ಸಂಘದ ಊಟದಲ್ಲಿ ಕ್ಯಾಪ್ಟನ್ ಕುಳಿತ ಮೇಜಿನ ಹಿಂದೆ ನಿಂತು ಚಮಚದಿಂದ ಗ್ಲಾಸಿಗೆ ಬಡಿಯುವರು. ಅದೇ ಲಯ, ಅದೇ ಬಿಡುವು. ಭಾಷಣದ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕುಳಿತು ಕುರ್ಚಿಯ ಕಾಲಿಗೆ ಉಂಗುರದಿಂದ ಬಡಿಯುವರು. ಕ್ಯಾಪ್ಟನ್ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಬಿಲ್ಡಿಂಗಿನಲ್ಲಿದ್ದರು. ಇವರೂ ಅದೇ ಬಿಲ್ಡಿಂಗಿನಲ್ಲಿ ಒಂದು ಕೋಣೆ ಹಿಡಿದಿದ್ದರು. ಬೆಳಿಗ್ಗೆ ಲಿಫ್ಟಿನಲ್ಲಿ ಇಬ್ಬರೇ. "ನಮಸ್ಕಾರ ಕ್ಯಾಪ್ಟನ್." ಆಮೇಲೆ ಕೆಳಗಿಳಿಯುವವರೆಗೆ ಲಿಫ್ಟಿನ ಗೋಡೆಗೆ ಟಕ್ ಟಕಟಕ್. ಕ್ಯಾಪ್ಟನ್ ಆ ದೊಡ್ಡ ದೇಹ ಹೊತ್ತುಕೊಂಡು ಮೆಟ್ಟಿಲು ಇಳಿಯಲು ಶುರು ಮಾಡಿದರು. ಆಮೇಲೆ ಬಿಲ್ಡಿಂಗನ್ನೇ ಬದಲಾಯಿಸಿದರು. ಎರಡು ತಿಂಗಳಲ್ಲಿ ಇವರೂ ಬದಲಾಯಿಸಿದರು. ಹೊಸ ಬಿಲ್ಡಿಂಗಿನಲ್ಲಿ ಕೋಣೆ ಸಿಗದೆ ಮೂವರು ಮಲಯಾಳಿಗಳ ಜೊತೆ ಒಂದು ಮಂಚದ ಜಾಗ ಹಿಡಿದರಂತೆ.

"ಅಷ್ಟು ಕಷ್ಟ ಪಡಬೇಕಾ ಸಾರ್?" ಎಂದು ಕೇಳಿದೆ.

"ಎಂತ ಕಷ್ಟ ಮೇಡಂ? ಲಿಫ್ಟು ಒಳ್ಳೇದುಂಟು. ಸದ್ದು ಚಂದ ಬರ್ತದೆ."

ಕ್ಯಾಪ್ಟನ್ ನಮ್ಮ ಮ್ಯಾನೇಜರಿಗೆ ದೂರು ಕೊಟ್ಟರು. ಮ್ಯಾನೇಜರ್ ಗೋವಾದ ಮುದುಕ, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವನಲ್ಲ. ಬೈಯುತ್ತಾನಾ ಎಂದು ಕೇಳಿದ. ಇಲ್ಲ. ಹೊಡೆಯುತ್ತಾನಾ? ಇಲ್ಲ. ಮತ್ತೇನು ಮಾಡುತ್ತಾನೆ? "ಬಡೀತಾನೆ," ಎಂದರು ಕ್ಯಾಪ್ಟನ್. "ಟೇಬಲ್ ಬಡೀತಾನೆ." ಮ್ಯಾನೇಜರ್ ಅವರನ್ನು ಬಾಗಿಲವರೆಗೆ ಬಿಟ್ಟು ಬಂದು, ನನ್ನ ಕಡೆ ತಿರುಗಿ ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದ. ನಾನು ಬಾತ್‌ರೂಮಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಕೊನೆಗೊಂದು ಗುರುವಾರ ಸಂಜೆ ಮೀನು ಮಾರ್ಕೆಟ್ಟಿನ ಎದುರಿನ ಕಟ್ಟೆಯ ಮೇಲೆ ಕುಳಿತು ಅವರು ಎಲ್ಲ ಹೇಳಿದರು. ನಾನೇ ಕಾಡಿಸಿ ಕೇಳಿದ್ದೆ.

ಹತ್ತಿಯ ಹಡಗಿಗೆ ಬೆಂಕಿ ಬಿದ್ದ ಮುಂಜಾನೆ ಇವರು ಇದ್ದದ್ದು ಕ್ಯಾಪ್ಟನ್ನರ ಹಡಗಿನಲ್ಲಿ, ಅವರ ಕೈಕೆಳಗಿನ ರೇಡಿಯೊ ಅಧಿಕಾರಿಯಾಗಿ. ಗಡಿಯಾರದ ಮುಳ್ಳು ಕೆಂಪಿನಲ್ಲಿತ್ತು. ಸಮುದ್ರವೆಲ್ಲ ಬಾಯಿ ಮುಚ್ಚಿದ್ದಾಗ ಕರೆ ಬಂತು. ಬೆಂಕಿ, ಸಹಾಯ ಬೇಕು, ನಾವಿರುವ ಜಾಗ ಇದು. ಮೋರ್ಸ್‌ನಲ್ಲಿ ಪ್ರತಿಯೊಬ್ಬರ ಕೈಗೂ ಒಂದು ಬಗೆ ಇರುತ್ತದಂತೆ, ಅಕ್ಷರ ನೋಡಿದ ಕೂಡಲೇ ಇದು ಅಣ್ಣನ ಬರಹ ಎಂದು ನಮಗೆ ಗೊತ್ತಾಗುವ ಹಾಗೆ. ಇವರಿಗೆ ಗೊತ್ತಾಯಿತು. ಲಲಿತಕ್ಕನ ತಮ್ಮನ ಕೈ.

"ಒಂಚೂರೂ ನಡುಗ್ಲಿಲ್ಲ ಮೇಡಂ ಅವನ ಕೈ. ಕ್ಲಾಸಲ್ಲಿ ಪಾಠ ಒಪ್ಪಿಸಿದ ಹಾಗೆ. ಕೂಡ್ಲೆ ಕ್ಯಾಪ್ಟನ್‌ಗೆ ಹೇಳ್ದೆ. ಅರ್ಧ ದಿನದ ದಾರಿ ಕೂಡ ಇಲ್ಲ, ಹೋದ್ರೆ ಸಿಗ್ತಾರೆ ಅಂದೆ. ನಮಗೆ ಬಂದರಲ್ಲಿ ಜಾಗ ಸಿಕ್ಕಿತ್ತು, ತಪ್ಪಿದ್ರೆ ಹೊರಗೆ ಕಾಯ್ಬೇಕು, ಕಂಪನಿ ಬೈತದೆ. ಬೇರೆ ಹಡಗು ಹತ್ತಿರ ಇರ್ತದೆ, ಅವ್ರು ಹೋಗ್ತಾರೆ ಅಂದ್ರು."

"ನೀವು ಉತ್ತರ ಕೊಡಲಿಲ್ವಾ?"

ಅವರು ದೋಣಿಗಳ ಕಡೆ ತಿರುಗಿದರು. "ಕೊಡ್ಬೇಡ ಅಂದ್ರು. ನನ್ನ ಹಿಂದೆಯೇ ನಿಂತಿದ್ರು, ಹೆಗಲ ಮೇಲೆ ಕೈ ಇಟ್ಟು."

ಬೇರೆ ಹಡಗು ಹತ್ತಿರ ಇರಲಿಲ್ಲ. ಹೊಗೆ ಕಂಡದ್ದು, ಹಡಗು ತಿರುಗಿಸಿದ್ದು, ಸುಟ್ಟ ಮೂಟೆ, ಎಲ್ಲ ಆಮೇಲೆ ಕಟ್ಟಿದ್ದು. ವರ್ಷ ವರ್ಷ ಹೇಳಿ ಹೇಳಿ ಕ್ಯಾಪ್ಟನ್ನರಿಗೇ ಅದು ನಿಜವಾಗಿಬಿಟ್ಟಿತ್ತು. ಕರೆ ಬಂದದ್ದು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತು. ಇವರು ಒಂದು ಸಲ ಬಾಯಿ ಬಿಟ್ಟಿದ್ದರಂತೆ, ಕಂಪನಿಯವರ ಮುಂದೆ. ಅವರು ಒಂದೇ ಪ್ರಶ್ನೆ ಕೇಳಿದರು: ಕೇಳಿಸಿದ್ದರೆ ನೀನೇಕೆ ಉತ್ತರ ಕೊಡಲಿಲ್ಲ? ಅಲ್ಲಿಗೆ ಇವರ ಬಾಯಿ ಕಟ್ಟಿಹೋಯಿತು. ಕ್ಯಾಪ್ಟನ್ ಬಾಯಿಂದಲೇ ಇದು ಬರಬೇಕು ಎಂದು ಆವತ್ತು ತೀರ್ಮಾನ ಮಾಡಿದರು. ಕ್ಯಾಪ್ಟನ್ ಅಬುಧಾಬಿಗೆ ಬಂದರು, ಇವರೂ ವೀಸಾ ಹುಡುಕಿಕೊಂಡು ಬಂದರು. ಲಲಿತಕ್ಕ ಇಲ್ಲಿರುವುದು ಆಮೇಲೆ ಗೊತ್ತಾಯಿತು.

"ಆ ಬಡಿಯೋದು ಏನು ಸಾರ್?"

"ಪ್ರತೀ ಹಡಗಿಗೂ ಕರೀಲಿಕ್ಕೆ ನಾಲ್ಕು ಅಕ್ಷರದ ಒಂದು ಗುರುತು ಉಂಟು, ಕಾರಿಗೆ ನಂಬರ್ ಇದ್ದ ಹಾಗೆ. ಅದು ಆ ಹತ್ತಿ ಹಡಗಿಂದು. ಆವತ್ತು ಅವ ಪದೇ ಪದೇ ಕಳಿಸಿದ್ದು ಅದನ್ನೇ. ಕ್ಯಾಪ್ಟನ್ನೂ ಮೋರ್ಸ್ ಕಲ್ತವರೇ, ಆವತ್ತು ಆ ಗುರುತನ್ನು ಅವ್ರಿಗೆ ಹೇಳಿದ್ದೂ ನಾನೇ. ಮರೀಲಿಕ್ಕೆ ನಾನು ಬಿಡೂದಿಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು, "ಆಗಿದ್ದು ಆಗೋಯ್ತು, ಬಿಟ್ಟುಬಿಡಬೇಕು ಕಣೇ," ಎಂದ. ಅವನ ಮನೆಯವರು ಯಾರೂ ಸಮುದ್ರದಲ್ಲಿ ಸುಟ್ಟುಹೋಗಿರಲಿಲ್ಲ. ಬಿಟ್ಟುಬಿಡು ಎನ್ನುವವರೆಲ್ಲ ಹೀಗೇ, ಬೆಂಕಿ ಬೇರೆಯವರ ಮನೆಗೆ ಬಿದ್ದಿರುತ್ತದೆ. ಲಲಿತಕ್ಕನಿಗೆ ನಾವೇ ಹೇಳಿಬಿಡೋಣ ಎಂದು ಮರುದಿನ ಅವರನ್ನು ಕೇಳಿದೆ. ಬೇಡ ಎಂದರು. "ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳಿದ್ದು ಅಂತ ಆಗ್ತದೆ. ಆ ಮನುಷ್ಯ ಅಷ್ಟು ಜನರ ಎದುರು ಸುಳ್ಳು ಹೇಳಿದ್ದಾರೆ. ಅಷ್ಟು ಜನರ ಎದುರೇ ನಿಜ ಹೇಳ್ಬೇಕು."

ಮತ್ತೆ ಕೆಲವು ವರ್ಷ ಹಾಗೇ ಕಳೆಯಿತು. ಹೊಸ ಶತಮಾನ ಬಂತು, ಟೆಲೆಕ್ಸ್ ಹೋಗಿ ಇಮೇಲ್ ಬಂತು. ಟಕಟಕ ನಿಲ್ಲಲಿಲ್ಲ. ಕ್ಯಾಪ್ಟನ್ನರ ಮೈ ಇಳಿಯಿತು, ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚುತ್ತಿದ್ದರು. ನನಗೆ ಒಂದು ಚೂರೂ ಕರುಣೆ ಬರಲಿಲ್ಲ ಎಂದು ಸ್ಪಷ್ಟವಾಗಿ ಬರೆಯುತ್ತೇನೆ. ಕಥೆಯನ್ನು ಮಾತ್ರ ಅವರು ಬಿಡಲಿಲ್ಲ, ವೇದಿಕೆ ಹತ್ತಿದ ಕೂಡಲೇ ಅದೇ ಬರುತ್ತಿತ್ತು. ಒಮ್ಮೆ ನಾನೇ ಅವರನ್ನು, "ಅದು ಎಲ್ಲರಿಗೂ ಗೊತ್ತಿರೋ ಕಥೆ ಅಲ್ವಾ ಕ್ಯಾಪ್ಟನ್, ಬೇರೆ ಏನಾದರೂ ಹೇಳಿ," ಎಂದು ಕೆಣಕಿದ್ದೆ. "ಖಲಾಸ್, ಮುಂದಿನ ವರ್ಷ ಬೇರೆ," ಎಂದು ನಕ್ಕರು. ಮುಂದಿನ ವರ್ಷವೂ ಅದನ್ನೇ ಹೇಳಿದರು.

ಆಮೇಲೆ ಕ್ಯಾಪ್ಟನ್ ನಿವೃತ್ತಿಯಾಗಿ ಮಂಗಳೂರಿಗೆ ಹೊರಟರು. ಸಂಘದವರು ಒಂದು ಹೋಟೆಲ್ಲಿನ ಹಾಲಿನಲ್ಲಿ ಶುಕ್ರವಾರ ಬೆಳಿಗ್ಗೆ ಸನ್ಮಾನ ಇಟ್ಟುಕೊಂಡರು. ನಿರೂಪಣೆ ನನ್ನದು. ಇವರು ನನ್ನ ಬಳಿ ಬಂದು ಎರಡು ಮಾತು ಕೇಳಿಕೊಂಡರು. ಲಲಿತಕ್ಕನಿಗೆ ಮುಂದಿನ ಸಾಲಿನಲ್ಲಿ ಜಾಗ ಬೇಕು. ಕ್ಯಾಪ್ಟನ್ ಆ ಕಥೆ ಹೇಳುವಂತೆ ನಾನು ಮೈಕಿನಲ್ಲಿ ಕೇಳಬೇಕು. ಲಲಿತಕ್ಕ ಜನರ ನಡುವೆ ಬರುವವರೇ ಅಲ್ಲ, ಸಂಘದ ಕಾರ್ಯಕ್ರಮಕ್ಕೆ ಅದೇ ಮೊದಲ ಸಲ. ಅವರಿಗೆ ಏನು ಹೇಳಿ ಕರೆತಂದರೋ ತಿಳಿಯದು.

ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟಾಯಿತು. ನಾನು ಇದ್ದ ಸಕ್ಕರೆಯನ್ನೆಲ್ಲ ದನಿಗೆ ಸುರಿದುಕೊಂಡು, "ಕ್ಯಾಪ್ಟನ್ ಸಾರ್, ಹೋಗೋ ಮುಂಚೆ ಆ ಹಡಗಿನ ಕಥೆ ಇನ್ನೊಂದು ಸಲ," ಎಂದೆ. ಚಪ್ಪಾಳೆ ಬಿತ್ತು. ಕ್ಯಾಪ್ಟನ್ ಮುಂದಿನ ಸಾಲಿನಲ್ಲಿದ್ದ ಇವರನ್ನು ನೋಡಿದರು, ಹಿಂಜರಿದರು, ಆದರೂ ಚಪ್ಪಾಳೆಯ ಮುಂದೆ ಅವರ ಬಾಯಿ ನಿಲ್ಲದು. ಹೊಗೆ ಕಂಡಿತು, ಹಡಗು ತಿರುಗಿತು. "ಪಾಪ, ಆ ರೇಡಿಯೊ ಹುಡುಗ ಒಂದೇ ಒಂದು ಸಲ ಕರ್ದಿದ್ರೆ..."

ಲಲಿತಕ್ಕ ಎರಡು ಕೈಯಿಂದಲೂ ಕುರ್ಚಿಯ ಅಂಚನ್ನು ಹಿಡಿದುಕೊಂಡರು. ಇವರು ಉಂಗುರದಿಂದ ಕುರ್ಚಿಯ ಕಬ್ಬಿಣಕ್ಕೆ ಬಡಿಯತೊಡಗಿದರು. ನಾನು ವೇದಿಕೆಯಿಂದ ಇಳಿದು ಹೋಗಿ ನನ್ನ ಕೈಲಿದ್ದ ಮೈಕನ್ನು ಆ ಕಬ್ಬಿಣಕ್ಕೆ ಹಿಡಿದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹಾಲಿನ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಟಕ್, ಟಕಟಕ್, ಟಕ್. ಓಡಾಡುತ್ತಿದ್ದ ಮಕ್ಕಳೂ ನಿಂತುಬಿಟ್ಟವು. ಕ್ಯಾಪ್ಟನ್ ಬಾಯಿ ತೆರೆದುಕೊಂಡೇ ಇದ್ದರು.

ನಾನು ಮೈಕನ್ನು ಬಾಯಿಗೆ ಹಿಡಿದು, "ಕ್ಯಾಪ್ಟನ್ ಸಾರ್, ಇವರು ಲಲಿತಕ್ಕ. ಆ ರೇಡಿಯೊ ಹುಡುಗನ ಅಕ್ಕ," ಎಂದೆ. ಮೈಕನ್ನು ಲಲಿತಕ್ಕನ ಮುಂದೆ ಹಿಡಿದೆ.

ಲಲಿತಕ್ಕ ಎದ್ದು ನಿಂತು ಕೇಳಿದರು. "ನನ್ನ ತಮ್ಮ ಕರೀಲೇ ಇಲ್ವಾ?"

ಕ್ಯಾಪ್ಟನ್ ಪೇಟ ತೆಗೆದು ಹಣ್ಣಿನ ಬುಟ್ಟಿಯ ಪಕ್ಕ ಇಟ್ಟರು. "ಕರ್ದಿದ್ದಾನೆ," ಎಂದರು. "ಕರ್ದಿದ್ದಾನಮ್ಮ. ಸುಮಾರು ಹೊತ್ತು ಕರ್ದಿದ್ದಾನೆ. ಹೋಗೂದು ಬೇಡ ಅಂತ ಹೇಳಿದ್ದು ನಾನು. ನಾನೇ."

ನಾನು ಕಾದಿದ್ದ ಮಾತು ಅದು. ನನ್ನ ಎದೆ ಹೂವಾಯಿತು. ಆದರೆ ಕ್ಯಾಪ್ಟನ್ ಮುಗಿಸಿರಲಿಲ್ಲ. ಅವರ ಮುಖ ಕೆಂಪಗಾಯಿತು, ಇಷ್ಟು ವರ್ಷದ ಟಕಟಕವೆಲ್ಲ ಒಟ್ಟಿಗೆ ಮೇಲೆ ಬಂದಂತೆ ಬೆರಳೆತ್ತಿ ಇವರ ಕಡೆ ತೋರಿಸಿದರು. "ಆದ್ರೆ ಉತ್ತರ ಕೊಡ್ಬೇಡ ಅಂತ ನಾನು ಹೇಳ್ಲಿಲ್ಲ! ನಾನು ರೇಡಿಯೊ ರೂಮಿಗೇ ಹೋಗ್ಲಿಲ್ಲ. ಮೇಲಿಂದ ಫೋನಲ್ಲಿ ಹೇಳಿದ್ದು, ಹೋಗೂದಿಲ್ಲ ಅಂತ ಮಾತ್ರ. ಇವ ಯಾಕೆ ಉತ್ತರ ಕೊಡ್ಲಿಲ್ಲ, ಅದನ್ನು ಇವನ ಹತ್ರ ಕೇಳಿ! ಕೇಳಿ ನೀವು!"

ಇವರು ಎದ್ದು ನಿಂತರು. "ಹೌದು," ಎಂದರು, ಅಷ್ಟೇ. ಲಲಿತಕ್ಕ ಅವರನ್ನು ನೋಡಲೂ ಇಲ್ಲ, ಕುಳಿತುಬಿಟ್ಟರು. ಸಂಘದ ಕಾರ್ಯದರ್ಶಿ ಓಡಿಬಂದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡು ಊಟಕ್ಕೆ ಏಳಬೇಕು ಎಂದು ಘೋಷಿಸಿದರು.

ಹಾಲಿನಿಂದ ಹೊರಟ ಇವರ ಹಿಂದೆಯೇ ನಾನು ಕಾರ್ ನಿಲ್ಲಿಸುವ ಜಾಗಕ್ಕೆ ಹೋದೆ. ನನಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ. "ಹೆಗಲ ಮೇಲೆ ಕೈ ಇಟ್ಟಿದ್ದರು ಅಂದ್ರಲ್ಲ ಸಾರ್! ಸುಳ್ಳಾ ಅದು?"

"ಸುಳ್ಳು."

"ಅವರು ಬಾಯಿ ಬಿಟ್ಟರೆ ಇದೂ ಹೊರಗೆ ಬರತ್ತೆ ಅಂತ ಗೊತ್ತಿರಲಿಲ್ವಾ ನಿಮಗೆ?"

"ಗೊತ್ತಿತ್ತು ಮೇಡಂ. ಅದಕ್ಕೇ ಅವರನ್ನು ಬಿಡ್ಲಿಲ್ಲ. ನಾನಾಗಿ ಅಕ್ಕನ ಹತ್ರ ಹೇಳ್ಲಿಕ್ಕೆ ಎಷ್ಟೋ ಶುಕ್ರವಾರ ನೋಡಿದೆ. ಬಾಯಿ ಬರ್ಲಿಲ್ಲ. ಕ್ಯಾಪ್ಟನ್ ಬೆನ್ನು ಹತ್ತಿದ್ರೆ, ಒಂದು ದಿನ ಸಿಟ್ಟಲ್ಲಿ ಅವರೇ ನನ್ನನ್ನೂ ಹಿಡಿದು ಕೊಡ್ತಾರೆ ಅಂತ ಗೊತ್ತಿತ್ತು. ತಪ್ಪು ಇಬ್ಬರದ್ದು. ಇಬ್ಬರಿಗೂ ಆಗ್ಬೇಕಲ್ವಾ?"

ಹಗೆ ಎಂದರೆ ಇದು. ತನ್ನನ್ನೂ ಬಿಡದ ಹಗೆ. ಅಷ್ಟರಲ್ಲಿ ಲಲಿತಕ್ಕ ಹೊರಗೆ ಬಂದರು. ಇವರು ಯಾವಾಗಿನಂತೆ ತಮ್ಮ ಕಾರಿನ ಬಾಗಿಲು ತೆರೆದು ಹಿಡಿದರು. ಲಲಿತಕ್ಕ ಹತ್ತಲಿಲ್ಲ, ಕುಂದಾಪುರದ ಕಡೆಯ ಊರಮಾತಿನಲ್ಲೇ ಕೇಳಿದರು.

"ಅವ ಕರ್ದದ್ದ್ ನಿಂಗ್ ಸಮ ಕೇಳಿತ್ತಾ?"

"ಕೇಳಿತ್ತ್ ಅಕ್ಕ. ಅವನ್ ಕೈ ಅಂದೇಳಿ ಕೂಡ್ಲೆ ಗೊತ್ತಾಯ್ತ್."

"ಮತ್ತ್ ಎಂತಕೆ ಮಾತಾಡ್ಲಿಲ್ಲ?"

"ಮಾತಾಡಿರೆ, ನೀವ್ ಬತ್ರಿಯಾ ಅಂದೇಳಿ ಕೇಳ್ತಿದ್ದ. ಬತ್ತಿಲ್ಲ ಅಂದೇಳಿ ಅವನಿಗ್ ಹೇಳುಕೆ ನಂಗ್ ಆಯ್ಲಿಲ್ಲ. ನಮ್ಗ್ ಕೇಳ್ಲೇ ಇಲ್ಲ ಅಂದೇಳಿ ಅವ ಎಣಿಸ್ಕಣ್ಲಿ ಅಂದೇಳಿ ಸುಮ್ನಾದೆ."

ಲಲಿತಕ್ಕ ಅಳಲಿಲ್ಲ. ಕ್ಲಿನಿಕ್ಕಿನಲ್ಲಿ ರೋಗಿಯ ಮನೆಯವರಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು.

"ಬತ್ತಿಲ್ಲ ಅಂದೇಳಿ ನೀ ಹೇಳಿರೆ ಅವ ಎದ್ಕಂಡ್ ಹೋತಿದ್ದ. ಬೋಟಿಗಾದ್ರೂ ಹಾರ್ತಿದ್ದ. ಯಾರಾರೂ ಮಾತಾಡ್ತ್ರ್ ಅಂದೇಳಿ ಕಾದ್ಕಂಡ್ ಅವ ಅಲ್ಲೇ ಕೂಕಂಡ."

ಇಷ್ಟು ವರ್ಷ ಆ ಮುಂಜಾನೆಯನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದ ಅವರಿಗೆ ಇದೊಂದು ಹೊಳೆದಿರಲಿಲ್ಲ. ಅವರ ಮುಖದಲ್ಲೇ ಅದು ಕಾಣಿಸಿತು. ಕಾರಿನ ಬಾಗಿಲ ಮೇಲಿದ್ದ ಕೈ ಜಾರಿತು.

ಲಲಿತಕ್ಕ ಆ ಬಾಗಿಲನ್ನು ತಾವೇ ಮುಚ್ಚಿದರು. ಬ್ಯಾಗನ್ನು ಹೆಗಲಿಗೇರಿಸಿಕೊಂಡು ರಸ್ತೆಯ ಕಡೆ ನಡೆದು ಟ್ಯಾಕ್ಸಿಗೆ ಕೈ ಮಾಡಿದರು. ಇವರು ಅಕ್ಕಾ ಎಂದು ಕರೆದರು. ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೂ ಜೋರಾಗಿ ಕರೆದರು. ಜನ ತಿರುಗಿ ನೋಡುವಷ್ಟು ಜೋರಾಗಿ, ಮತ್ತೆ ಮತ್ತೆ ಕರೆದರು. ಟ್ಯಾಕ್ಸಿಯ ಕಿಟಕಿ ತೆರೆದೇ ಇತ್ತು, ಲಲಿತಕ್ಕನಿಗೆ ಎಲ್ಲವೂ ಕೇಳಿಸುತ್ತಿತ್ತು. ಅವರು ಉತ್ತರ ಕೊಡಲಿಲ್ಲ.